ಹನ್ನೆರಡು ಮೈಕ್ರೊಸೆಕೆಂಡು

ಅಕ್ಕನ ಬೆರಳಿಗೆ ಭಾವನ ಉಂಗುರ ಸಡಿಲ. ಒಳಬದಿಗೆ ಬಿಳಿ ನೂಲು ಸುತ್ತಿ ಹಾಕಿಕೊಂಡಿದ್ದಳು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ. ಭಾವ ತೀರಿಕೊಂಡ ಮೇಲಿನ ಮೊದಲ ಎಳ್ಳಮಾವಾಸ್ಯೆಗೆ ಸಮುದ್ರ ಸ್ನಾನಕ್ಕೆಂದು ಬೆಳಗ್ಗೆ ಆರೂವರೆಗೇ ಮಲ್ಪೆಗೆ ಹೋಗಿದ್ದೆವು. ವಡಭಾಂಡೇಶ್ವರ ದೇವಸ್ಥಾನದ ಎದುರಿನ ಮರಳಿನಲ್ಲಿ ಆಗಲೇ ಜನ ಸೇರಿದ್ದರು. ಅಕ್ಕ ಸೊಂಟಮಟ್ಟದ ನೀರಿನಲ್ಲಿ ನಿಂತು ಮೂರು ಮುಳುಗು ಹಾಕಿದಳು, ಬೊಗಸೆಯಲ್ಲಿ ನೀರೆತ್ತಿ ಬಿಟ್ಟಳು, ದಡಕ್ಕೆ ಬಂದು ಸೆರಗು ಹಿಂಡುವಾಗ ಬೆರಳು ನೋಡಿಕೊಂಡಳು. ನೂಲು ನೆನೆದು ಜಾರಿತೋ, ತಣ್ಣೀರಿಗೆ ಬೆರಳೇ ಸಣ್ಣಗಾಯಿತೋ. ಬಹುಶಃ ಎರಡೂ.

ಅವಳು ಅಳಲಿಲ್ಲ. "ಅವರದ್ದು ಅವರಿಗೇ ಹೋಯ್ತು, ಬಿಡು" ಎಂದಳು. ನನಗೆ ಬಿಡಲಾಗಲಿಲ್ಲ.

ಆ ದಿನ ಸಂಜೆಯೇ ಗೆಳೆಯನೊಬ್ಬನಿಂದ ಒಂದು ಮೆಟಲ್ ಡಿಟೆಕ್ಟರ್ ತಂದೆ. ತೋಟದಲ್ಲಿ ಹೂತುಹೋದ ಪೈಪು ಹುಡುಕಲು ಅವನು ತರಿಸಿಕೊಂಡಿದ್ದ ಸಾಧಾರಣ ಯಂತ್ರ. ಒಣ ಮರಳಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಹತ್ತು ಹೆಜ್ಜೆಯೊಳಗೆ ಒಂದು ಕೀ ಹುಡುಕಿಕೊಟ್ಟಿತು. ಅಲೆ ಬಂದು ಹೋಗುವ ಒದ್ದೆ ಮರಳಿಗೆ ಕಾಲಿಟ್ಟ ಕೂಡಲೇ ಕಿರುಚಾಟ ಶುರು. ಕೋಲಿನ ತುದಿಯ ತಂತಿಯ ಸುರುಳಿಯನ್ನು, ಅಂದರೆ ಕಾಯಿಲ್ ಅನ್ನು, ಎತ್ತಿದರೆ ಕೂಗು, ಇಳಿಸಿದರೆ ಕೂಗು, ಅಲೆ ತಾಗಿದರೆ ಇನ್ನೊಂದು ಬಗೆಯ ಕೂಗು. ಉಂಗುರ ಕಳೆದದ್ದು ಆ ಒದ್ದೆ ಪಟ್ಟಿಯಲ್ಲೇ. ಕತ್ತಲಾಗುವವರೆಗೆ ಒದ್ದಾಡಿ ಮನೆಗೆ ಬಂದೆ.

ತಪ್ಪು ಆ ಯಂತ್ರದ್ದಲ್ಲ ಎಂದು ಗೊತ್ತಾಗಲು ಕೆಲವು ದಿನ ಓದಬೇಕಾಯಿತು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಡಿಟೆಕ್ಟರುಗಳು ಕಾಯಿಲಿನಿಂದ ಒಂದೇ ಸಮನೆ ತರಂಗ ಕಳಿಸುತ್ತಾ, ಅದೇ ಹೊತ್ತಿಗೆ ಹಿಂದಿರುಗುವ ಸಿಗ್ನಲ್ಲು ಎಷ್ಟು ಹಿಂದೆ ಬಿದ್ದಿದೆ ಎಂದು ಅಳೆಯುತ್ತವೆ. ಕಬ್ಬಿಣ ಯಾವುದು, ತಾಮ್ರ ಯಾವುದು ಎಂದು ಊಹಿಸುವ ಜಾಣತನವೂ ಅಲ್ಲಿಂದಲೇ ಬರುವುದು. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ, ಅದೂ ಒಂದು ವಾಹಕ. ತಾಮ್ರಕ್ಕೆ ಹೋಲಿಸಿದರೆ ಕೋಟಿ ಪಟ್ಟು ಕಳಪೆ ವಾಹಕ, ಸರಿ. ಆದರೆ ಉಂಗುರ ಒಂದು ಚಿಟಿಕೆಯಷ್ಟು, ಕಡಲು ಕಡಲಿನಷ್ಟು. ಒಂದೇ ಆವರ್ತನದಲ್ಲಿ ಕೇಳುವ ಕಿವಿಗೆ ಇಷ್ಟಗಲದ ನೀರು ಹಾಡುತ್ತಿರುವಾಗ ಉಂಗುರದ ಉಸಿರು ಹೇಗೆ ಕೇಳಿಸಬೇಕು?

ಇದಕ್ಕೆ ಇರುವ ಇನ್ನೊಂದು ದಾರಿಯೇ ಪಲ್ಸ್ ಇಂಡಕ್ಷನ್. ಈ ವಿದ್ಯೆ ಬಲ್ಲವರು ಚುಟುಕಾಗಿ ಪಿಐ ಎನ್ನುತ್ತಾರೆ. ಇದರ ವಿವರಣೆ ಓದುತ್ತಾ ಹೋದಾಗ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಅದು ನನ್ನ ಹಳೆಯ ಕಸುಬು.

ನಾನು ಉಡುಪಿಯಲ್ಲಿ ಇಪ್ಪತ್ತಾರು ವರ್ಷ ಟಿವಿ ರಿಪೇರಿ ಮಾಡಿದವನು. ಪಿಕ್ಚರ್ ಟ್ಯೂಬಿನ ಟಿವಿ. ಅದರಲ್ಲಿ ಎಡದಿಂದ ಬಲಕ್ಕೆ ಒಂದು ಗೆರೆ ಬರೆಯಲು 64 ಮೈಕ್ರೊಸೆಕೆಂಡು, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 64 ಪಾಲು. ಅದರಲ್ಲಿ ಚಿತ್ರಕ್ಕೆ 52, ಉಳಿದ 12 ಮೈಕ್ರೊಸೆಕೆಂಡಿನಲ್ಲಿ ಕಿರಣ ಬಲಗಡೆಯಿಂದ ಮತ್ತೆ ಎಡಕ್ಕೆ ಹಾರಬೇಕು, ಪರದೆ ಕಪ್ಪಾಗಿರಬೇಕು. ಆ ಹಾರಿಕೆಯೇ ಫ್ಲೈಬ್ಯಾಕ್. ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟನ್ನು ಟ್ರಾನ್ಸಿಸ್ಟರ್ ಫಕ್ಕನೆ ಕಡಿದುಹಾಕುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ, ಆ ಕುಸಿತದ ರಭಸಕ್ಕೆ ವೋಲ್ಟೇಜು ಸಾವಿರಗಟ್ಟಲೆ ಏರುತ್ತದೆ. ಟ್ಯೂಬಿಗೆ ಬೇಕಾದ ಇಪ್ಪತ್ತು, ಇಪ್ಪತ್ತೈದು ಸಾವಿರ ವೋಲ್ಟನ್ನು ಆ ಏಟಿನಿಂದಲೇ ಪಡೆಯುತ್ತಿದ್ದರು. ಆ ಏಟು ತಿಂದು ನಾನು ಸ್ಟೂಲಿನಿಂದ ಬಿದ್ದದ್ದೂ ಇದೆ.

ಪಿಐ ಡಿಟೆಕ್ಟರ್ ಮಾಡುವುದು ಇದನ್ನೇ. ಕಾಯಿಲಿಗೆ ಸುಮಾರು ನೂರು ಮೈಕ್ರೊಸೆಕೆಂಡು ಕರೆಂಟು ಕೊಡುತ್ತದೆ, ಆಮೇಲೆ ಫಕ್ಕನೆ ಕಡಿಯುತ್ತದೆ. ಕಾಂತಕ್ಷೇತ್ರ ಕುಸಿಯುವಾಗ ಹತ್ತಿರದಲ್ಲಿ ಯಾವ ಲೋಹ ಇದ್ದರೂ ಅದರೊಳಗೆ ಸುಳಿಯಂತೆ ವಿದ್ಯುತ್ತು ಏಳುತ್ತದೆ. ನೀರಿಗೆ ಕಲ್ಲು ಹಾಕಿದ ಮೇಲೆ ಅಲೆ ಉಳಿದ ಹಾಗೆ, ಕಡಿದ ಮೇಲೂ ಆ ಸುಳಿ ಸ್ವಲ್ಪ ಹೊತ್ತು ಉಳಿಯುತ್ತದೆ. ಯಂತ್ರ ಆಗ ಏನನ್ನೂ ಕಳಿಸುವುದಿಲ್ಲ, ಬರೇ ಕೇಳಿಸಿಕೊಳ್ಳುತ್ತದೆ. ಉಪ್ಪುನೀರಿನ ಸುಳಿ ಬಲು ಬೇಗ ಸಾಯುತ್ತದೆ, ಹತ್ತು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಅದರ ಸದ್ದಡಗುತ್ತದೆ. ಚಿನ್ನದ ಉಂಗುರದ ಸುಳಿ ಆಮೇಲೂ ಉಸಿರಾಡುತ್ತಿರುತ್ತದೆ. ಹಾಗಾಗಿ ಕರೆಂಟು ಕಡಿದ ಕೂಡಲೇ ಕಿವಿ ತೆರೆಯಬಾರದು. ಕಡಲು ಸುಮ್ಮನಾಗುವವರೆಗೆ ಕಾಯಬೇಕು. ಈ ಕಾಯುವಿಕೆಗೆ ಡಿಲೇ ಎಂದು ಹೆಸರು. ನನ್ನ ಯಂತ್ರದಲ್ಲಿ ಕೊನೆಗೆ ನಿಂತ ಅಂಕಿ 12 ಮೈಕ್ರೊಸೆಕೆಂಡು. ಟಿವಿಯ ಪರದೆ ಕಪ್ಪಾಗಿರುತ್ತಿದ್ದ ಅದೇ 12. ಅಷ್ಟು ಹೊತ್ತಿನಲ್ಲಿ ಬೆಳಕೇ ಮೂರೂವರೆ ಕಿಲೋಮೀಟರ್ ಹೋಗುತ್ತದೆ ಅಷ್ಟೆ. ಮಲ್ಪೆಯಿಂದ ಹೊರಟರೆ ಉಡುಪಿ ಮುಟ್ಟುವುದಿಲ್ಲ.

ಕಂಪೆನಿಯ ಪಿಐ ಯಂತ್ರಗಳು ನನ್ನ ಕೈಗೆಟುಕುವ ಬೆಲೆಯಲ್ಲಿರಲಿಲ್ಲ. ಸರ್ಕ್ಯೂಟು ನೋಡಿದರೆ ಅಂಥ ಕಷ್ಟದ್ದೇನೂ ಕಾಣಲಿಲ್ಲ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಸಾಮಾನು ತಂದೆ: ಐಆರ್‌ಎಫ್740 ಮಾಸ್‌ಫೆಟ್ಟು, ಎನ್‌ಇ5534 ಆಂಪ್ಲಿಫಯರ್, ಎರಡು 1ಎನ್4148 ಡಯೋಡು, ಮೂರು ಲಿಥಿಯಂ ಸೆಲ್ಲು, ಉಳಿದ ಚಿಲ್ಲರೆ. ಅಂಗಡಿ ಮುಚ್ಚಿದ ಮೇಲೂ ಮಾರದೆ ಇಟ್ಟುಕೊಂಡಿದ್ದ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು ಒಂದಿತ್ತು. ಅದಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ.

ಸರ್ಕ್ಯೂಟು ಮೂರು ದಿನದ ಕೆಲಸ. ಕಾಯಿಲು ಮೂರು ವಾರ ತಿಂದಿತು.

25 ಸೆಂಟಿಮೀಟರ್ ಅಡ್ಡಗಲದ ವೃತ್ತಕ್ಕೆ 23 ಸುತ್ತು ವಯರು ಸುತ್ತಿದರೆ ಸುಮಾರು 300 ಮೈಕ್ರೊಹೆನ್ರಿ ಬರುತ್ತದೆ. ಬೇಕಾದದ್ದು ಅಷ್ಟೇ. ಹಲಗೆಗೆ ಮೊಳೆ ಹೊಡೆದು ಸುತ್ತಿದೆ. ಮೊದಲ ಕಾಯಿಲಿಗೆ ಮೋಟಾರು ವೈಂಡಿಂಗಿನ ಎನಾಮಲ್ ತಂತಿ ಬಳಸಿದ್ದು ತಪ್ಪಾಯಿತು. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಕೆಪಾಸಿಟನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ, ಹೆಚ್ಚಾಗುತ್ತದೆ, ಕರೆಂಟು ಕಡಿದ ಮೇಲೆ ಕಾಯಿಲು ಸುಮ್ಮನಾಗಲು ತಡಮಾಡುತ್ತದೆ. ಹೊರಗಿನ ಸದ್ದು ಅಡಗಲು ಕಾಯುವ ಮೊದಲು ನಮ್ಮ ಕಾಯಿಲಿನ ಸದ್ದೇ ಅಡಗಬೇಕಲ್ಲ. ದಪ್ಪ ಟೆಫ್ಲಾನ್ ಹೊದಿಕೆಯ ವಯರಿನಲ್ಲಿ ಮತ್ತೆ ಸುತ್ತಿದೆ.

ಆಮೇಲೆ ಡ್ಯಾಂಪಿಂಗ್ ರೆಸಿಸ್ಟರ್. ಕಡಿದ ಕೂಡಲೇ ಕಾಯಿಲಿನಲ್ಲಿ ನಾನೂರು ವೋಲ್ಟಿನ ಹತ್ತಿರದ ಏಟು ಏಳುತ್ತದೆ. ಅದನ್ನು ಹಾಗೇ ಬಿಟ್ಟರೆ ದೇವಸ್ಥಾನದ ಗಂಟೆಯ ಹಾಗೆ ಅನುರಣಿಸುತ್ತಾ ಹೋಗುತ್ತದೆ. ಕಾಯಿಲಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಕೊಟ್ಟು ಆ ಗಂಟೆಗೆ ಕೈ ಒತ್ತಿ ಹಿಡಿಯಬೇಕು. ಅದರ ಓಮು ಹೆಚ್ಚಾದರೆ ಗಂಟೆ ನಿಲ್ಲುವುದಿಲ್ಲ. ಕಡಿಮೆಯಾದರೆ ಮೇಣದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಸ್ಕೋಪಿನ ಪರದೆ ನೋಡುತ್ತಾ ವೇರಿಯಬಲ್ ರೆಸಿಸ್ಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಗೆರೆ ನೇರ ಕೆಳಗಿಳಿದು, ಒಮ್ಮೆಯೂ ಅಲುಗದೆ ಮಟ್ಟಸವಾಗುತ್ತದೆ. ನನ್ನ ಕಾಯಿಲಿಗೆ ಅದು 560 ಓಮಿನ ಹತ್ತಿರ ಸಿಕ್ಕಿತು. ಆ ಗೆರೆ ಮಟ್ಟಸವಾದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದ್ದೆ.

ಇನ್ನು ಎರಡು ಕೆಲಸ, ಎರಡೂ ಕಡಲು ಕಲಿಸಿದವು. ಬರೀ ಕಾಯಿಲಿಗೆ ಅಲೆ ತಾಗಿದರೆ ನೀರಿನ ಸ್ಪರ್ಶಕ್ಕೇ ಕೆಪಾಸಿಟನ್ಸ್ ಬದಲಾಗಿ ಸುಳ್ಳು ಸಿಗ್ನಲ್ ಬರುತ್ತದೆ. ಅದಕ್ಕೆ ಗ್ರಾಫೈಟ್ ಬಣ್ಣ ಬಳಿದು ಕವಚ ಮಾಡಿದೆ, ವೃತ್ತದ ಒಂದು ಕಡೆ ಬೆರಳಗಲ ಬಿಟ್ಟು. ಬಿಡದಿದ್ದರೆ ಆ ಕವಚವೇ ಒಂದು ದೊಡ್ಡ ಉಂಗುರವಾಗಿ ಬಿಡುತ್ತದೆ. ಎರಡನೆಯದು, ಕಾಯಿಲಿನ ಪ್ಲಾಸ್ಟಿಕ್ ಚಿಪ್ಪಿನೊಳಗೆ ಗಾಳಿ ಉಳಿದರೆ ಅದು ತೇಲುತ್ತದೆ. ಮಂಡಿ ಮಟ್ಟದ ನೀರಿನಲ್ಲಿ ತೇಲುವ ಕಾಯಿಲನ್ನು ನೆಲಕ್ಕೆ ಒತ್ತಿ ಹಿಡಿಯುವುದೆಂದರೆ ಹಟಮಾರಿ ಕರುವನ್ನು ಎಳೆದ ಹಾಗೆ. ಎಪಾಕ್ಸಿ ತುಂಬಿಸಿ ಭಾರ ಮಾಡಿದೆ.

ಮೊದಲ ಸಲ ಮಲ್ಪೆಗೆ ಒಯ್ದದ್ದು ಫೆಬ್ರವರಿಯ ಒಂದು ಹುಣ್ಣಿಮೆಗೆ. ಎಲ್ಲ ನಾಬುಗಳನ್ನೂ ತುದಿಗೆ ತಿರುಗಿಸಿಟ್ಟಿದ್ದೆ. ಸಿಗ್ನಲ್ಲನ್ನು ಹಿಗ್ಗಿಸುವ ಗೇನು ಎಷ್ಟು ಹೆಚ್ಚೋ ಅಷ್ಟು ಆಳ ಎಂಬ ಲೆಕ್ಕ. ಹೆಡ್‌ಫೋನಿನಲ್ಲಿ ಜೇನುಗೂಡು ಎದ್ದ ಹಾಗೆ ಸದ್ದು. ಹತ್ತು ಕಡೆ ಅಗೆದರೆ ಹತ್ತೂ ಕಡೆ ಬರೀ ನೀರು. ಎರಡು ಗಂಟೆಯಲ್ಲಿ ತಲೆನೋವು ಬಂತು.

ಮನೆಗೆ ಬಂದು ಲೆಕ್ಕ ಹಾಕಿದೆ. ಕಾಯಿಲಿನಿಂದ ದೂರ ಹೋದ ಹಾಗೆ ಕಾಂತಕ್ಷೇತ್ರ ದೂರದ ಮೂರನೇ ಘಾತದಲ್ಲಿ ಕುಗ್ಗುತ್ತದೆ. ಉಂಗುರದಿಂದ ಹಿಂದಿರುಗುವಾಗ ಮತ್ತೆ ಮೂರನೇ ಘಾತ. ಒಟ್ಟು ಆರು. ಅಂದರೆ ಸಿಗ್ನಲ್ಲನ್ನು ಎರಡು ಪಟ್ಟು ಮಾಡಿದರೂ ಆಳ ಹೆಚ್ಚುವುದು ನೂರಕ್ಕೆ ಹನ್ನೆರಡರಷ್ಟೇ. 25 ಸೆಂಟಿಮೀಟರಿನಲ್ಲಿ ಕೇಳಿಸುತ್ತಿದ್ದ ಉಂಗುರ 28ರಲ್ಲಿ ಕೇಳಿಸೀತು. ಆ ಮೂರು ಸೆಂಟಿಮೀಟರಿನ ಆಸೆಗೆ ನಾನು ಗದ್ದಲವನ್ನೂ ಎರಡು ಪಟ್ಟು ಮಾಡಿಕೊಂಡಿದ್ದೆ.

ಅವತ್ತಿನಿಂದ ಸೆಟ್ಟಿಂಗಿನ ಕ್ರಮವೇ ಬದಲಾಯಿತು. ಈಗ ಮರಳಿಗೆ ಇಳಿದ ಮೇಲೆ ಮೊದಲ ಹತ್ತು ನಿಮಿಷ ಹುಡುಕುವುದೇ ಇಲ್ಲ. ಮೊಬೈಲು, ಬೈಕಿನ ಕೀ, ಬೆಲ್ಟು ದೂರದ ಚೀಲದಲ್ಲಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗಲಿದಾಗ ದೇಹದಲ್ಲಿ ಅದೆಲ್ಲಿದೆ ಎಂದು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಇಂಡಕ್ಷನ್ ತತ್ತ್ವದ ಯಂತ್ರ ಮಾಡಿಕೊಂಡು ಹೋಗಿದ್ದರಂತೆ. ಗುಂಡು ಸಿಗಲಿಲ್ಲ. ಮಂಚದ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳೂ ಯಂತ್ರವನ್ನು ದಾರಿತಪ್ಪಿಸಿದವು. ನನ್ನ ಬೂಟಿನ ಒಳಗಿದ್ದ ಉಕ್ಕಿನ ಪಟ್ಟಿ ಮೂರು ವಾರ ನನಗೆ ಅದನ್ನೇ ಮಾಡಿತ್ತು. ಪ್ರತಿ ಹೆಜ್ಜೆಗೂ ಎಡಗಡೆ ಒಂದು ಸಣ್ಣ ಕೂಗು. ಈಗ ಬರಿಗಾಲು.

ಆಮೇಲೆ ಕಾಯಿಲನ್ನು ಸೊಂಟದೆತ್ತರದಲ್ಲಿ ಅಡ್ಡ ಹಿಡಿದು ಸುತ್ತ ತಿರುಗುತ್ತೇನೆ. ಮೊಬೈಲ್ ಟವರು, ಬಂದರಿನ ದೋಣಿಗಳ ವಿದ್ಯುತ್ತು, ಕರೆಂಟು ಲೈನು ಎಲ್ಲವೂ ಪಿಐಗೆ ಕೇಳಿಸುತ್ತದೆ. ಸೆಕೆಂಡಿಗೆ ಸಾವಿರದ ಹತ್ತಿರವಿರುವ ಪಲ್ಸಿನ ಸಂಖ್ಯೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಆ ಗದ್ದಲಗಳು ತಾಳ ತಪ್ಪಿ ಹಿಂದೆ ಸರಿಯುವ ಒಂದು ಜಾಗ ಸಿಗುತ್ತದೆ. ನಂತರ ಡಿಲೇ. ಒದ್ದೆ ಮರಳಿನ ಮೇಲೆ ಕಾಯಿಲನ್ನು ಎತ್ತಿ ಇಳಿಸುತ್ತಾ, ಸದ್ದು ಬದಲಾಗುವುದು ನಿಲ್ಲುವವರೆಗೆ ಡಿಲೇ ಹೆಚ್ಚಿಸುವುದು. ನಿಂತ ಜಾಗದಿಂದ ಮುಂದೆ ಹೋಗಬಾರದು. ಹದಿನೈದು, ಇಪ್ಪತ್ತಕ್ಕೆ ಏರಿಸಿದರೆ ಯಂತ್ರ ಇನ್ನೂ ಶಾಂತವಾಗುತ್ತದೆ ನಿಜ, ಆದರೆ ತೆಳು ಚಿನ್ನ ಅಷ್ಟರೊಳಗೆ ಉಸಿರು ಬಿಟ್ಟಿರುತ್ತದೆ. ಕಡೆಗೆ ಥ್ರೆಶೋಲ್ಡ್: ದೂರದಲ್ಲಿ ಸೊಳ್ಳೆಯೊಂದು ಹಾರಿದಷ್ಟು ಸದ್ದು ಸದಾ ಇರುವ ಹಾಗೆ. ಪೂರ್ತಿ ನಿಶ್ಶಬ್ದ ಮಾಡಿದರೆ ಸಣ್ಣ ಸಿಗ್ನಲ್ಲು ಆ ನಿಶ್ಶಬ್ದದ ಹೊಸ್ತಿಲು ದಾಟಿ ಬರುವುದಿಲ್ಲ.

ಕಾಯಿಲನ್ನು ಬೀಸುವಾಗ ಭೂಮಿಯ ಕಾಂತಕ್ಷೇತ್ರವೂ ಅದನ್ನು ಹಾದುಹೋಗಿ ಒಂದು ಸಣ್ಣ ವೋಲ್ಟೇಜು ಹುಟ್ಟಿಸುತ್ತದೆ. ಅದಕ್ಕೆ ಯಂತ್ರ ಪ್ರತಿ ಪಲ್ಸಿಗೆ ಎರಡು ಸಲ ಕಿವಿಗೊಡುತ್ತದೆ. ಒಮ್ಮೆ 12ರಲ್ಲಿ, ಮತ್ತೊಮ್ಮೆ ಬಹಳ ತಡವಾಗಿ, ಲೋಹದ ಸುಳಿಯೆಲ್ಲ ಸತ್ತ ಮೇಲೆ. ಎರಡರಲ್ಲೂ ಇರುವುದು ಭೂಮಿಯದ್ದು, ಕಳೆದುಬಿಡಬೇಕು. ಇಷ್ಟು ದೊಡ್ಡ ಭೂಮಿಯನ್ನು ಒಂದು ವ್ಯವಕಲನದಲ್ಲಿ ಬದಿಗಿಡುವ ಉಪಾಯ ಯಾರಿಗೆ ಮೊದಲು ಹೊಳೆಯಿತೋ, ಅವರಿಗೆ ಕೈ ಮುಗಿಯಬೇಕು.

ಯಂತ್ರಕ್ಕೆ ಇದಕ್ಕಿಂತ ಹೆಚ್ಚಿನದು ಗೊತ್ತಿಲ್ಲ. ಲೋಹ ಇದೆ ಎನ್ನುತ್ತದೆ. ಯಾವುದು ಎನ್ನುವುದಿಲ್ಲ. ಮೊಳೆಗೂ ಅದೇ ಸ್ವರ, ಸೋಡಾ ಮುಚ್ಚಳಕ್ಕೂ ಅದೇ, ಬಂಗಾರಕ್ಕೂ ಅದೇ. ಕೂದಲಿಗೆ ಸಿಕ್ಕಿಸುವ ಪಿನ್ನು, ಮಲಗಿದ ಉದ್ದ ಮೊಳೆ ಮಾತ್ರ ಉದ್ದಕ್ಕೆ ಬೀಸಿದಾಗ ಒಮ್ಮೊಮ್ಮೆ ಎರಡು ಸಲ ಕೂಗುತ್ತವೆ. ಅಗೆಯದೆ ಬಿಡುವುದು ಯಾವುದನ್ನು ಎಂದು ನಿರ್ಧರಿಸುವ ಹಕ್ಕು ಈ ಯಂತ್ರ ಹಿಡಿದವನಿಗಿಲ್ಲ, ಎಲ್ಲವನ್ನೂ ಅಗೆಯಬೇಕು. ನನ್ನ ಡಬ್ಬಿಯಲ್ಲಿ ಈಗ ಹಳೆಯ ಮರದ ದೋಣಿಗಳ ತುಕ್ಕು ಮೊಳೆ, ಬೀಸುಬಲೆಯ ಸೀಸದ ಗುಂಡು, ಗಾಳದ ಕೊಕ್ಕೆ, ಉಪ್ಪು ತಿಂದು ಬೆಳ್ಳಗೆ ಪುಡಿಯಾಗುತ್ತಿರುವ ಅಲ್ಯೂಮಿನಿಯಮ್ಮಿನ ಹತ್ತು ಪೈಸೆ, ಕಾಣಿಕೆ ಹಾಕಿದ ಒಂದು ರೂಪಾಯಿಗಳು ಇವೆ. ಕಾಣಿಕೆಯ ನಾಣ್ಯಗಳನ್ನು ನಾನು ಖರ್ಚು ಮಾಡುವುದಿಲ್ಲ, ಹುಂಡಿಗೆ ಹಾಕುತ್ತೇನೆ.

ನಮ್ಮ ಒಡವೆಗಳ ಬಗ್ಗೆ ಈ ಯಂತ್ರ ಕಲಿಸಿದ್ದೊಂದು ವಿಷಯ ಇದೆ. ವಿದ್ಯುತ್ತಿನ ಸುಳಿಗೆ ತಿರುಗಲು ಮುಚ್ಚಿದ ವೃತ್ತ ಬೇಕು. ಬೆಸುಗೆ ಬಿಡದ ಉಂಗುರ ಅದಕ್ಕೆ ಹೇಳಿ ಮಾಡಿಸಿದ್ದು, ಚೆನ್ನಾಗಿ ಮಾತಾಡುತ್ತದೆ. ಅದೇ ಉಂಗುರ ಒಂದು ಕಡೆ ಸೀಳಿದ್ದರೆ ಸದ್ದು ಪಾತಾಳಕ್ಕಿಳಿಯುತ್ತದೆ. ಕಾಲುಂಗುರ ಬೆಳ್ಳಿಯದಾದರೂ ಹಿಗ್ಗಿಸಲು ಕುಗ್ಗಿಸಲು ಬಾಯಿ ಬಿಟ್ಟೇ ಮಾಡಿರುತ್ತಾರೆ, ಅದಕ್ಕೇ ಅದರ ಸದ್ದು ಮೆಲು. ಸರದ ಕೊಂಡಿಗಳು ಒಂದೊಂದೂ ಪುಟ್ಟ ಪುಟ್ಟ ವೃತ್ತ, ಒಂದೊಂದರ ಸುಳಿಯೂ ಕ್ಷಣದಲ್ಲಿ ಮುಗಿಯುತ್ತದೆ. ಎರಡು ಪವನಿನ ಸರ ಎರಡು ಗ್ರಾಂ ಉಂಗುರದಷ್ಟೂ ಕೂಗದೇ ಇರಬಹುದು. ಕರಿಮಣಿ ಸರದಲ್ಲಿ ಕೇಳಿಸುವುದು ತಾಳಿಯ ಬೊಟ್ಟು ಮಾತ್ರ. ಮೂಗುಬೊಟ್ಟು ಕಳೆದುಕೊಂಡು ಬಂದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಎಂದು. ಹೇಳುವಾಗ ಬೇಜಾರಾಗುತ್ತದೆ.

ಬಂದವರಿಗೆ ಎಂದೆ. ಹೌದು, ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ ಜನ ಫೋನು ಮಾಡತೊಡಗಿದ್ದಾರೆ. ಹುಡುಕುವುದಕ್ಕಿಂತ ಮೊದಲು ಕೇಳುವುದೇ ದೊಡ್ಡ ಕೆಲಸ. ಎಷ್ಟು ಹೊತ್ತಿಗೆ? ನೀರು ಎಲ್ಲಿವರೆಗಿತ್ತು? ದಡಕ್ಕೆ ಬೆನ್ನು ಮಾಡಿದ್ದಿರಾ, ಮುಖ ಮಾಡಿದ್ದಿರಾ? ಎದುರಿಗೆ ಏನು ಕಾಣುತ್ತಿತ್ತು? ಕಾಪುವಿನಲ್ಲಿ ಒಬ್ಬ ಹುಡುಗ ಮದುವೆಯಾದ ಹದಿನೈದೇ ದಿನಕ್ಕೆ ಉಂಗುರ ಕಳೆದುಕೊಂಡಿದ್ದ. ದಿಗಿಲಿಗೆ ಎಲ್ಲ ಮರೆತುಹೋಗಿತ್ತು ಅವನಿಗೆ. ಹೆಂಡತಿ ತೆಗೆದ ಫೋಟೋದಲ್ಲಿ ಹಿಂದುಗಡೆ 1901ರ ದೀಪಸ್ತಂಭ ಇತ್ತು, ಅದರ ಎಡಕ್ಕೆ ಬಂಡೆಯ ಒಂದು ಮೂಲೆ. ಆ ಎರಡೂ ಅದೇ ರೀತಿ ಕಾಣುವ ಜಾಗಕ್ಕೆ ಹೋಗಿ ನಿಂತೆವು. ಸಲಿಕೆಯಿಂದ ಮರಳಿನಲ್ಲಿ ಗೆರೆ ಎಳೆದು, ಒಂದು ಗೆರೆಗೆ ಇನ್ನೊಂದು ಅರ್ಧ ಕಾಯಿಲಿನಷ್ಟು ಒಳಗೆ ಬರುವ ಹಾಗೆ ಬೀಸುತ್ತಾ ಹೋದೆ. ಏಳನೇ ಗೆರೆಯಲ್ಲಿ ಸಿಕ್ಕಿತು, ಒಂದು ಗೇಣು ಆಳದಲ್ಲಿ. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ಹೆಂಡತಿ ಮಾತ್ರ ಉಂಗುರ ಇಸಿದುಕೊಂಡು ತನ್ನ ಪರ್ಸಿಗೆ ಹಾಕಿ ಜಿಪ್ ಎಳೆದಳು.

ಜನ ಸುತ್ತ ನೆರೆಯುವುದು ಇದರ ಕಷ್ಟಗಳಲ್ಲೊಂದು. ಮೆಟಲ್ ಡಿಟೆಕ್ಟರ್ ಎಂದರೆ ನಮ್ಮ ರಾಜ್ಯದಲ್ಲಿ ಮೊದಲು ನೆನಪಾಗುವುದು ನಿಧಿಗಳ್ಳರು. ಹಾಳು ದೇವಸ್ಥಾನಗಳ ಗರ್ಭಗುಡಿ ಅಗೆದವರ ಸುದ್ದಿ ಓದಿದವರಿಗೆ ನನ್ನ ಮೇಲೂ ಅನುಮಾನ ಬಂದರೆ ತಪ್ಪಿಲ್ಲ. ಹಾಗಾಗಿ ಠಾಣೆಗೆ ತಿಳಿಸಿ, ಜೀವರಕ್ಷಕ ಹುಡುಗರಿಗೆ ಹೇಳಿಯೇ ಇಳಿಯುತ್ತೇನೆ. 1962ರ ನಿಧಿ ಕಾಯ್ದೆ ಇದೆ, ನೂರು ವರ್ಷ ದಾಟಿದ ನಾಣ್ಯ ಒಡವೆಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಹಳೆಯದೇನಾದರೂ ಸಿಕ್ಕರೆ ಅದು ನನ್ನದಲ್ಲ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಕೋಟೆ, ಗುಡಿಗಳ ಹತ್ತಿರ ಯಂತ್ರ ಒಯ್ಯುವುದೇ ಇಲ್ಲ. ಇನ್ನೊಂದು ಮಾತು. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಆಲಿವ್ ರಿಡ್ಲೆ ಆಮೆಗಳು ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುತ್ತವೆ, ಹೊನ್ನಾವರದಲ್ಲಿ, ಕುಂದಾಪುರದ ಆಸುಪಾಸಿನಲ್ಲಿ. ಅವು ಗೂಡು ತೋಡುವುದು ಉಬ್ಬರದ ಗೆರೆಗಿಂತ ಮೇಲೆ. ಆ ತಿಂಗಳುಗಳಲ್ಲಿ ಆ ಗೆರೆ ದಾಟಿ ಒಂದು ಹಿಡಿ ಮರಳನ್ನೂ ಅಗೆಯಬಾರದು. ತೋಡಿದ ಗುಂಡಿ ಮುಚ್ಚದೆ ಹೋಗುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕತ್ತಲಲ್ಲಿ ರಂಪಣಿ ಬಲೆ ಎಳೆಯುವವರು ಬರಿಗಾಲಲ್ಲಿ ಓಡಾಡುವ ಜಾಗ ಅದು.

ಭಾವನ ಉಂಗುರದ ಲೆಕ್ಕಕ್ಕೆ ಬರುತ್ತೇನೆ. ಅದಕ್ಕೆ ಸಮುದ್ರದ ಕ್ಯಾಲೆಂಡರ್ ಕಲಿಯಬೇಕಾಯಿತು.

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಂದರೆ ಹಿರಿಯರು ಸ್ನಾನಕ್ಕೆ ಆರಿಸಿದ ದಿನವೇ ಕಡಲು ಅತಿ ಹೆಚ್ಚು ಮೇಲೆ ಬಂದು ಅತಿ ಹೆಚ್ಚು ಹಿಂದೆ ಸರಿಯುವ ದಿನ. ಆದರೆ ನಮ್ಮ ಕಡಲು ಗುಜರಾತಿನ ಖಂಬಾತ್ ಕೊಲ್ಲಿಯಂತಲ್ಲ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರಿನ ಆಸುಪಾಸು ಅಂತರವಿದ್ದರೆ, ಇಲ್ಲಿ ದೊಡ್ಡ ದಿನದಲ್ಲೂ ಒಂದೂಕಾಲು ಮೀಟರಿನ ಹತ್ತಿರ. ತೆರೆದುಕೊಳ್ಳುವ ಒದ್ದೆ ಪಟ್ಟಿ ಕಿರಿದು, ಸಿಗುವ ಹೊತ್ತೂ ಕಡಿಮೆ. ದಿನದಿಂದ ದಿನಕ್ಕೆ ಇಳಿತ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಒಂದು ಪಕ್ಷ ತಪ್ಪಿಸಿಕೊಂಡರೆ ಇನ್ನೊಂದು ಪಕ್ಷಕ್ಕೆ ಕಾಯಬೇಕು.

ಅದಕ್ಕಿಂತ ದೊಡ್ಡ ಲೆಕ್ಕ ಮರಳಿನದ್ದು. ಮಳೆಗಾಲದ ಅಲೆಗಳು ದಡದ ಮರಳನ್ನು ಕೆರೆದು ಒಳಗಿನ ದಿಬ್ಬಕ್ಕೆ ಒಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಸ್ವಲ್ಪ ಸ್ವಲ್ಪವಾಗಿ ಹೊತ್ತು ತಂದು ದಡ ಕಟ್ಟುತ್ತವೆ. ಎಳ್ಳಮಾವಾಸ್ಯೆ ಬರುವುದು ಡಿಸೆಂಬರ್, ಜನವರಿಯಲ್ಲಿ, ದಡ ಕಟ್ಟುತ್ತಿರುವ ಕಾಲದಲ್ಲಿ. ಅವತ್ತು ಜಾರಿದ ಉಂಗುರದ ಮೇಲೆ ಫೆಬ್ರವರಿಗೆ ಒಂದು ಮೊಳ ಮರಳು, ಏಪ್ರಿಲ್ಲಿಗೆ ಇನ್ನಷ್ಟು. ನನ್ನ ಯಂತ್ರಕ್ಕೆ ಕೇಳಿಸುವುದು ಗೇಣಿಗಿಂತ ಚೂರು ಹೆಚ್ಚು. ನಾನು ಮೊದಲ ಮೂರು ತಿಂಗಳು ಬೀಸಿದ್ದೆಲ್ಲ ಉಂಗುರದ ಮೇಲೆಯೇ ಇದ್ದಿರಬಹುದು, ಅದು ಕೆಳಗೆ ಸುಮ್ಮನೆ ಕೂತಿದ್ದಿರಬಹುದು.

ಹುಡುಕುವ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. ಆಗ ಹೊಸ ಮರಳೆಲ್ಲ ಹೋಗಿ ಕೆಳಗಿನ ಗಟ್ಟಿ ಪದರ, ಚಿಪ್ಪಿನ ಹಾಸು ತೆರೆದುಕೊಂಡಿರುತ್ತದೆ. ಭಾರದ ವಸ್ತುಗಳೆಲ್ಲ ಇಳಿದು ಅಲ್ಲಿ ನಿಂತಿರುತ್ತವೆ. ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರ, ಸೀಸ ಹನ್ನೊಂದು ಪಟ್ಟು, ಅಪ್ಪಟ ಚಿನ್ನ ಹತ್ತೊಂಬತ್ತು. ಅಲೆ ಜರಡಿ ಹಿಡಿದ ಹಾಗೆ ಇವನ್ನು ಬೇರೆ ಮಾಡುತ್ತದೆ. ಬಲೆಯ ಸೀಸದ ಗುಂಡು ಒಂದೇ ಕಡೆ ನಾಲ್ಕೈದು ಸಿಕ್ಕವೆಂದರೆ ನಾನು ಅಲ್ಲಿಂದ ಕದಲುವುದಿಲ್ಲ. ಕಬ್ಬಿಣದ ಅಂಶವಿರುವ ಕಪ್ಪು ಮರಳಿನ ಗೆರೆಗಳೂ ಅಲ್ಲೇ ಕಾಣುತ್ತವೆ. ಬೇರೆ ಯಂತ್ರಗಳಿಗೆ ಅದೂ ತಲೆನೋವು, ಪಿಐ ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ.

ಮೂರು ಸೆಪ್ಟೆಂಬರುಗಳು ಕಳೆದವು. ವಡಭಾಂಡೇಶ್ವರದ ಎದುರಿನ ಆ ಜಾಗದಲ್ಲಿ ಒಂಬತ್ತು ಉಂಗುರ ಸಿಕ್ಕಿವೆ. ನಾಲ್ಕನ್ನು ವಾರಸುದಾರರಿಗೆ ತಲುಪಿಸಿದೆ, ಉಳಿದವು ಠಾಣೆಯಲ್ಲಿ. ಒಂದರ ಒಳಬದಿಯಲ್ಲಿ ನೂಲಿನ ಎಳೆ ಅಂಟಿಕೊಂಡಿತ್ತು. ಮರಳು ತೊಳೆದು ನೋಡುವವರೆಗೆ ನನ್ನ ಎದೆಯ ಸದ್ದಿಗೆ ಹೆಡ್‌ಫೋನಿನ ಸದ್ದು ಕೇಳಿಸಲಿಲ್ಲ. ತಾಮ್ರದ ಉಂಗುರ, ಯಾವುದೋ ಮಗುವಿನದ್ದು.

ಆ ಸಂಜೆ ಅಕ್ಕನಿಗೆ ಹೇಳಿದೆ, ಇನ್ನು ಸಿಗುವುದು ಕಷ್ಟ ಎಂದು. ಅವಳು ಯಂತ್ರವನ್ನು ನೋಡಿ, "ಇದಕ್ಕೆ ಚಿನ್ನ ಕೇಳಿಸ್ತದೆ ಅಂತ ನಿಂಗೆ ಹೇಗೆ ಗೊತ್ತು?" ಎಂದಳು. ನಾನು ಪ್ರತಿ ಸಲ ತಾಮ್ರದ ತಂತಿಯ ಒಂದು ಬಳೆ ಹೂತು ಪರೀಕ್ಷೆ ಮಾಡುತ್ತಿದ್ದೆ. ಚಿನ್ನದ ಲೆಕ್ಕ ಬೇರೆ, ಅದು ಅಂದಾಜು ಮಾತ್ರ ಎಂದು ಒಪ್ಪಿಕೊಂಡೆ. ಅವಳು ಒಳಗೆ ಹೋಗಿ ತನ್ನ ಉಂಗುರ ತಂದು ಮೇಜಿನ ಮೇಲಿಟ್ಟಳು. ಭಾವನದ್ದೂ ಇದೂ ಒಂದೇ ಅಕ್ಕಸಾಲಿಗನ ಕೈಯಲ್ಲಿ ಒಟ್ಟಿಗೇ ಮಾಡಿಸಿದ್ದು.

ಆಮೇಲೆ ಅವಳೂ ನನ್ನ ಜೊತೆ ಬರತೊಡಗಿದಳು. ಉಂಗುರಕ್ಕೆ ಗಾಳದ ಕೆಂಪು ನೈಲಾನ್ ದಾರ ಕಟ್ಟಿದ್ದೇವೆ, ದಾರದ ಮೇಲೆ ಐದೈದು ಸೆಂಟಿಮೀಟರಿಗೆ ಗಂಟು ಇದೆ. ಅಕ್ಕ ಒದ್ದೆ ಮರಳಿನಲ್ಲಿ ಕೈ ತೂರಿಸಿ ಉಂಗುರ ಇಳಿಸುತ್ತಾಳೆ, ಮರಳು ಮುಚ್ಚುತ್ತಾಳೆ, ದಾರದ ತುದಿಯನ್ನು 'ಅದೇ' ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು ಕೂರುತ್ತಾಳೆ. ನಾನು ಅದರ ಮೇಲೆ ಕಾಯಿಲು ಬೀಸಿ ಡಿಲೇ ಸರಿಮಾಡಿಕೊಳ್ಳುತ್ತೇನೆ. ಮೂರನೇ ಗಂಟಿಗೆ ಸ್ಪಷ್ಟ, ನಾಲ್ಕನೆಯದಕ್ಕೆ ಮೆಲು. ಐದನೇ ಗಂಟಿಗೆ ಉಸಿರು ಹಿಡಿದು ಕೇಳಬೇಕು, ಥ್ರೆಶೋಲ್ಡಿನ ಆ ಸೊಳ್ಳೆಯ ಸದ್ದು ಒಂದು ಕೂದಲಿನಷ್ಟು ಏರುತ್ತದೆ, ಇಳಿಯುತ್ತದೆ.

ಕಳೆದ ಹುಣ್ಣಿಮೆಯಂದು ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಕಣ್ಣು ಮುಚ್ಚಿಕೊಂಡಳು. ನಾನು ನಿಧಾನಕ್ಕೆ ಬೀಸಿದೆ, ಒಮ್ಮೆ, ಎರಡು ಸಲ. ಅವಳು ಕೈಯೆತ್ತಿ ನಿಲ್ಲಿಸಿದಳು, ಸ್ವಲ್ಪ ಎಡಕ್ಕೆ ಎಂದು ಬೆರಳಿನಲ್ಲೇ ತೋರಿಸಿದಳು. ಸರಿಯಾಗಿತ್ತು.

"ಇನ್ನೂ ಒಂದು ಗಂಟು ಕೆಳಗೆ ಹಾಕಿ ನೋಡುವ?" ಎಂದಳು. ಇಳಿತ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇತ್ತು.